ದರ ಒಂದೇ, ಲೆಕ್ಕ ಹಲವು: ಷೇರು, ಎಸ್‌ಐಪಿ, ಪಿಎಫ್ ಮೇಲೆ ಝಕಾತ್ ಎಷ್ಟು?

2025ರ ಆರಂಭದಲ್ಲಿ ಕೆಜಿಗೆ 90 ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ ಬೆಳ್ಳಿ ಅದೇ ಡಿಸೆಂಬರ್‌ನಲ್ಲಿ 2 ಲಕ್ಷ ದಾಟಿತು. ಚಿನ್ನ ಏಪ್ರಿಲ್‌ನಲ್ಲಿ ಮೊದಲ ಸಲ 10 ಗ್ರಾಂಗೆ 1 ಲಕ್ಷ ಮುಟ್ಟಿತು. ವರ್ಷ ಮುಗಿಯುವ ಹೊತ್ತಿಗೆ 1.30 ಲಕ್ಷವನ್ನೂ ಮೀರಿತ್ತು. ಚಿನ್ನದಂಗಡಿಯವರಿಗೆ ಇದು ವ್ಯಾಪಾರದ ಸುದ್ದಿ. ಮುಸ್ಲಿಂ ಮನೆಗಳಲ್ಲಿ ಮಾತ್ರ ಇದರಿಂದ ಬೇರೆಯೇ ಲೆಕ್ಕಾಚಾರ ಶುರುವಾಯಿತು. ಉಳಿತಾಯದ ಒಂದು ಪಾಲನ್ನು ದಾನವಾಗಿ ಕೊಡುವ ಧಾರ್ಮಿಕ ಕರ್ತವ್ಯ ಝಕಾತ್. ಅದನ್ನು ಯಾರು ಕೊಡಬೇಕು, ಯಾರು ಕೊಡಬೇಕಾಗಿಲ್ಲ ಎಂಬ ಗೆರೆ ಎಳೆಯುವುದು ಈ ಎರಡು ಲೋಹಗಳೇ.

ಅದರ ಜೊತೆಗೆ ಇನ್ನೊಂದು ತಲೆನೋವು. ಹಿಂದೆ ಉಳಿತಾಯ ಅಂದರೆ ಪೆಟ್ಟಿಗೆಯಲ್ಲಿನ ನಗದು, ಮೈಮೇಲಿನ ಒಡವೆ, ಅಂಗಡಿಯ ಸರಕು. ಈಗ ಅದೇ ಉಳಿತಾಯ ಷೇರು, ಮ್ಯೂಚುವಲ್ ಫಂಡ್, ಪಿಎಫ್, ಎನ್‌ಪಿಎಸ್ ಅಂತ ಹತ್ತು ಕಡೆ ಹರಡಿಕೊಂಡಿದೆ. ಒಬ್ಬ ಮುಫ್ತಿ (ಧರ್ಮದ ಪ್ರಶ್ನೆಗಳಿಗೆ ಉತ್ತರ ಹೇಳುವ ವಿದ್ವಾಂಸ) ಇಡೀ ಷೇರಿನ ಬೆಲೆಯ ಮೇಲೆ ಕೊಡಿ ಅನ್ನುತ್ತಾರೆ. ಇನ್ನೊಬ್ಬರು ಲಾಭಾಂಶದ ಮೇಲೆ ಕೊಟ್ಟರೆ ಸಾಕು ಅನ್ನುತ್ತಾರೆ. ಇಬ್ಬರೂ ಓದಿಕೊಂಡವರೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕನ್ನಡಕ್ಕೆ ಈ ಪದ ಹೊಸದೇನಲ್ಲ. ಹಳೆಯ ಊರುಗಳ ಗಡಿಯಲ್ಲಿ ಗಾಡಿ ನಿಲ್ಲಿಸಿ ವಸೂಲು ಮಾಡುತ್ತಿದ್ದ 'ಜಕಾತಿ' ಅದೇ ಅರಬಿ ಪದದಿಂದ ಬಂದದ್ದು. ಆದರೆ ಆ ಜಕಾತಿ ಸುಂಕ. ಈ ಝಕಾತ್ ಧಾರ್ಮಿಕ ಕರ್ತವ್ಯ. ಅದನ್ನು ಯಾರಿಗೆ ಕೊಡಬೇಕು ಎಂಬ ಎಂಟು ವರ್ಗಗಳನ್ನು ಕುರ್‌ಆನಿನ ಒಂಬತ್ತನೇ ಅಧ್ಯಾಯವೇ ಹೇಳುತ್ತದೆ.

ಗೆರೆ ಎಳೆಯುವ ಬೆಳ್ಳಿ

ದರದ ಬಗ್ಗೆ ಜಗಳವಿಲ್ಲ. ನಗದು, ಚಿನ್ನ, ಬೆಳ್ಳಿ, ವ್ಯಾಪಾರದ ಸರಕು ಇವುಗಳ ಮೇಲೆ ವರ್ಷಕ್ಕೆ ಶೇ 2.5. ಅಂದರೆ ನಲವತ್ತರಲ್ಲಿ ಒಂದು ಪಾಲು. ಆದರೆ ಒಂದು ಕನಿಷ್ಠ ಮಟ್ಟ ಮುಟ್ಟಿದವರು ಮಾತ್ರ ಕೊಡಬೇಕು. ಅದಕ್ಕೆ 'ನಿಸಾಬ್' ಅನ್ನುತ್ತಾರೆ.

ಪ್ರವಾದಿಯವರ ಕಾಲದ ಅಳತೆ 20 ದೀನಾರ್ ಚಿನ್ನ ಅಥವಾ 200 ದಿರ್ಹಮ್ ಬೆಳ್ಳಿ. ನಮ್ಮ ಕಡೆಯ ಉಲೆಮಾಗಳ (ಧರ್ಮವಿದ್ವಾಂಸರ) ಲೆಕ್ಕದಲ್ಲಿ ಇದು ಏಳೂವರೆ ತೊಲ ಚಿನ್ನ, ಅಂದರೆ 87.48 ಗ್ರಾಂ. ಬೆಳ್ಳಿಯಾದರೆ ಐವತ್ತೆರಡೂವರೆ ತೊಲ, 612.36 ಗ್ರಾಂ. ಇಲ್ಲೊಂದು ಎಡವಟ್ಟು ಆಗುತ್ತದೆ. ಈಗ ನಮ್ಮ ಅಂಗಡಿಗಳಲ್ಲಿ ತೊಲ ಅಂದರೆ 10 ಗ್ರಾಂ. ಫತ್ವಾದಲ್ಲಿ ಬರುವ ತೊಲ ಹಳೆಯದು, 11.66 ಗ್ರಾಂನದ್ದು. ಏಳೂವರೆ ತೊಲ ಅಂತ ಕೇಳಿ 75 ಗ್ರಾಂ ಅಂದುಕೊಂಡರೆ ಲೆಕ್ಕ ತಪ್ಪಿತು. ಕರಾವಳಿಯಲ್ಲಿ ಪವನಿನಲ್ಲಿ ಎಣಿಸುವವರಿಗೆ ಇದು ಹೆಚ್ಚುಕಡಿಮೆ 11 ಪವನ್.

ಆ ಕಾಲದಲ್ಲಿ 20 ದೀನಾರ್ ಮತ್ತು 200 ದಿರ್ಹಮ್ ಎರಡರ ಬೆಲೆಯೂ ಹತ್ತಿರ ಹತ್ತಿರ ಒಂದೇ ಇತ್ತು. ತೂಕದಲ್ಲಿ ನೋಡಿದರೆ ಒಂದು ಗ್ರಾಂ ಚಿನ್ನಕ್ಕೆ ಏಳು ಗ್ರಾಂ ಬೆಳ್ಳಿ. ಆಮೇಲೆ ಬೆಳ್ಳಿ ಬಿದ್ದಿತು, ಚಿನ್ನ ಏರಿತು. ಗ್ರಾಂಗೆ ಚಿನ್ನ 13 ಸಾವಿರ, ಬೆಳ್ಳಿ 200 ರೂಪಾಯಿ ಅಂತ ಹಿಡಿದರೆ ಒಂದಕ್ಕೆ 65 ಆಗುತ್ತದೆ. ಹಾಗಾಗಿ ಚಿನ್ನದ ನಿಸಾಬ್ 11.37 ಲಕ್ಷ ರೂಪಾಯಿ, ಬೆಳ್ಳಿಯ ನಿಸಾಬ್ 1.22 ಲಕ್ಷ. ಎರಡೂ ಶಾಸ್ತ್ರದಲ್ಲಿರುವ ಅಳತೆಗಳೇ. ನಡುವಿನ ಅಂತರ ಮಾತ್ರ ಒಂಬತ್ತು ಪಟ್ಟು.

ನಗದು ಮತ್ತು ಹೂಡಿಕೆಗೆ ಯಾವುದನ್ನು ಹಿಡಿಯಬೇಕು? ಸುನ್ನಿಗಳ ನಾಲ್ಕು ಶಾಸ್ತ್ರ ಪಂಥಗಳಲ್ಲಿ ಒಂದು ಹನಫಿ. ಭಾರತದ ಹನಫಿ ಉಲೆಮಾಗಳಲ್ಲಿ ಹೆಚ್ಚಿನವರು ಬೆಳ್ಳಿ ಅನ್ನುತ್ತಾರೆ. ಗೆರೆ ಕೆಳಗಿದ್ದರೆ ಕೊಡುವವರು ಜಾಸ್ತಿ, ಬಡವರಿಗೆ ಸೇರುವುದೂ ಜಾಸ್ತಿ ಎಂಬುದು ಅವರ ವಾದ. ಇಸ್ಲಾಮಿಕ್ ಬ್ಯಾಂಕುಗಳಿಗೆ ಲೆಕ್ಕದ ನಿಯಮ ರೂಪಿಸುವ ಬಹರೈನ್‌ನ ಎಎಒಐಎಫ್‌ಐ ಚಿನ್ನವನ್ನು ಹಿಡಿಯುತ್ತದೆ, 85 ಗ್ರಾಂ. 1 ಲಕ್ಷ ಚಿಲ್ಲರೆ ಇಟ್ಟುಕೊಂಡವರನ್ನು ಶ್ರೀಮಂತ ಅನ್ನಲಾಗದು ಎಂಬುದು ಚಿನ್ನದ ಪರ ಇರುವವರ ವಾದ.

ಒಂದು ಸರ, ಐನೂರು ರೂಪಾಯಿ

ಈ ಚರ್ಚೆ ಎಲ್ಲಿ ಚುಚ್ಚುತ್ತದೆ ಎಂದು ನೋಡಲು ಒಂದು ಉದಾಹರಣೆ ಸಾಕು. ಒಬ್ಬ ವಿಧವೆ ಇದ್ದಾರೆ ಅಂದುಕೊಳ್ಳಿ. ಅವರ ಬಳಿ 10 ಗ್ರಾಂನ ಒಂದು ಸರ. ಬೇರೇನೂ ಇಲ್ಲ. ಚಿನ್ನ ಮಾತ್ರ ಇದ್ದರೆ ಚಿನ್ನದ ನಿಸಾಬ್. 87 ಗ್ರಾಂ ಎಲ್ಲಿ, 10 ಗ್ರಾಂ ಎಲ್ಲಿ? ಝಕಾತ್ ಇಲ್ಲ.

ಈಗ ಅವರ ಕೈಯಲ್ಲಿ ಖರ್ಚಿಗೆ ಮೀರಿದ 500 ರೂಪಾಯಿ ಉಳಿಯಿತು. ಹನಫಿ ಪಂಥದಲ್ಲಿ ಚಿನ್ನವನ್ನೂ ನಗದನ್ನೂ ಕೂಡಿಸಿ ಬೆಲೆ ಕಟ್ಟಬೇಕು ಎಂಬುದು ಇಮಾಮ್ ಅಬೂ ಹನೀಫಾರ ಅಭಿಪ್ರಾಯ. ಸರದ ಬೆಲೆ 1.30 ಲಕ್ಷ, ಜೊತೆಗೆ 500. ಬೆಳ್ಳಿಯ ಗೆರೆ 1.22 ಲಕ್ಷ. ಅವರು ಗೆರೆ ದಾಟಿದರು! ಇನ್ನು ವರ್ಷಕ್ಕೆ 3,262 ರೂಪಾಯಿ ಕೊಡಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ನಿಸಾಬ್ ಇರುವವರು ಝಕಾತ್ ತೆಗೆದುಕೊಳ್ಳುವಂತಿಲ್ಲ. ಐನೂರು ರೂಪಾಯಿ ಅವರನ್ನು ಪಡೆಯುವವರ ಸಾಲಿನಿಂದ ಕೊಡುವವರ ಸಾಲಿಗೆ ನೂಕಿತು.

ಅಬೂ ಹನೀಫಾರ ಇಬ್ಬರು ದೊಡ್ಡ ಶಿಷ್ಯರು, ಅಬೂ ಯೂಸುಫ್ ಮತ್ತು ಮುಹಮ್ಮದ್, ಇದನ್ನು ಒಪ್ಪಲಿಲ್ಲ. ಬೆಲೆ ಕೂಡಿಸಬೇಡಿ, ಪಾಲು ಕೂಡಿಸಿ ಎಂದರು. 10 ಗ್ರಾಂ ಅಂದರೆ ಚಿನ್ನದ ನಿಸಾಬಿನ ಶೇ 11. 500 ರೂಪಾಯಿ ಬೆಳ್ಳಿಯ ನಿಸಾಬಿನ ಶೇ ಅರ್ಧಕ್ಕಿಂತ ಕಡಿಮೆ. ಎರಡೂ ಸೇರಿ 100 ಆಗುವುದೇ ಇಲ್ಲ. ಅದೇ ಪಂಥ, ಅದೇ ಸರ, ಉತ್ತರ ಮಾತ್ರ ತಲೆಕೆಳಗು. ಈ ಹಳೆಯ ಶಿಷ್ಯರ ಮಾತನ್ನು ಇಂದಿನವರು ಇನ್ನೂ ಜಾಸ್ತಿ ಕೇಳಬೇಕಿತ್ತು ಅನಿಸುತ್ತದೆ.

ಕಪಾಟು ಮತ್ತು ಸರಕು

ಇನ್ನು ಹೂಡಿಕೆಗೆ ಬರೋಣ. ಇಲ್ಲಿನ ಎಲ್ಲ ಭಿನ್ನಾಭಿಪ್ರಾಯದ ಬೇರು ಒಂದು ಕಿರಾಣಿ ಅಂಗಡಿಯಲ್ಲಿದೆ. ಅಂಗಡಿಯವನು ವರ್ಷಕ್ಕೊಮ್ಮೆ ಝಕಾತ್ ಲೆಕ್ಕ ಹಾಕುವಾಗ ಅಕ್ಕಿ ಮೂಟೆ, ಸಕ್ಕರೆ, ಗಲ್ಲಾಪೆಟ್ಟಿಗೆಯ ದುಡ್ಡು, ವಾಪಸ್ ಬರುವ ಭರವಸೆಯಿರುವ ಉದ್ರಿ ಎಲ್ಲವನ್ನೂ ಎಣಿಸುತ್ತಾನೆ. ಕಪಾಟು, ತಕ್ಕಡಿ, ಅಂಗಡಿಯ ಕಟ್ಟಡ ಎಣಿಸುವುದಿಲ್ಲ. ಅವು ಮಾರಲು ಇಟ್ಟದ್ದಲ್ಲ, ದುಡಿಯಲು ಇಟ್ಟದ್ದು.

ಸಾವಿರ ವರ್ಷಕ್ಕೂ ಹಳೆಯದಾದ ಈ ನಿಯಮ ಸರಳವಾಗಿದೆ. ತೊಂದರೆ ಏನೆಂದರೆ, ಒಂದು ಷೇರಿನೊಳಗೆ ಕಪಾಟೂ ಇದೆ, ಸರಕೂ ಇದೆ. ಕಾರು ಮಾಡುವ ಕಂಪನಿಯ ಒಂದು ಷೇರು ತಗೊಂಡರೆ ಅದರ ಕಾರ್ಖಾನೆಯಲ್ಲೂ ನಿಮ್ಮದೊಂದು ಚೂರು, ಮಾರಾಟಕ್ಕೆ ನಿಂತ ಕಾರಿನಲ್ಲೂ ಒಂದು ಚೂರು. ಸಾಲದ್ದಕ್ಕೆ ಆ ಷೇರನ್ನೇ ನಾಳೆ ಮಾರಬಹುದು. ಹಾಗಾದರೆ ಷೇರೇ ಒಂದು ಸರಕಾಯಿತು, ಅಲ್ವಾ?

ಉತ್ತರ ನಿಂತಿರುವುದು ಉದ್ದೇಶದ ಮೇಲೆ. ಇವತ್ತು ಕೊಂಡು ಮುಂದಿನ ವಾರ ಮಾರುವವನಿಗೆ ಷೇರು ಅಕ್ಕಿ ಮೂಟೆ ಇದ್ದಂತೆ. ಇಡೀ ಮಾರುಕಟ್ಟೆ ಬೆಲೆಯ ಮೇಲೆ ಶೇ 2.5. ಇದರಲ್ಲಿ ಹೆಚ್ಚು ತಕರಾರಿಲ್ಲ. ಇಪ್ಪತ್ತು ವರ್ಷ ಇಟ್ಟುಕೊಳ್ಳುವವನ ವಿಷಯದಲ್ಲಿ ವಿದ್ವಾಂಸರು ದಾರಿ ಬೇರೆ ಹಿಡಿಯುತ್ತಾರೆ.

ಒಂದು ಲಕ್ಷಕ್ಕೆ ಐದು ಉತ್ತರ

ಲೆಕ್ಕ ಮಾಡಿಯೇ ನೋಡೋಣ. ಒಂದು ಕಂಪನಿಯ ಪೇಟೆ ಬೆಲೆ 3,000 ಕೋಟಿ. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ 1,000 ಕೋಟಿ. ಅದರಲ್ಲಿ ಕಾರ್ಖಾನೆ, ಯಂತ್ರ, ಜಾಗ 600 ಕೋಟಿ. ನಗದು, ಸರಕು, ಬರಬೇಕಾದ ಬಾಕಿ 400 ಕೋಟಿ. ನಿಮ್ಮ ಬಳಿ 1 ಲಕ್ಷ ರೂಪಾಯಿಯ ಷೇರು ಇದೆ. ವರ್ಷಕ್ಕೆ 1,500 ಲಾಭಾಂಶ ಬಂತು.

ಷೇರು ಸರಕೇ ಅನ್ನುವವರ ಪ್ರಕಾರ ನೀವು 2,500 ರೂಪಾಯಿ ಕೊಡಬೇಕು. ಪಾಕಿಸ್ತಾನದ ಮುಫ್ತಿ ತಖಿ ಉಸ್ಮಾನಿಯವರಂಥವರು ಒಂದು ರಿಯಾಯಿತಿ ಕೊಡುತ್ತಾರೆ. ಲಾಭಾಂಶಕ್ಕೆಂದೇ ಇಟ್ಟುಕೊಂಡಿದ್ದರೆ ಕಪಾಟಿನ ಪಾಲನ್ನು ಕಳೆಯಿರಿ. ಇಲ್ಲಿ ಝಕಾತ್‌ಗೆ ಒಳಪಡುವುದು ಶೇ 40, ಹಾಗಾಗಿ 1,000 ರೂಪಾಯಿ. ಇನ್ನು ಕೆಲವರು ಪೇಟೆ ಬೆಲೆಯನ್ನೇ ಬಿಟ್ಟು ಬ್ಯಾಲೆನ್ಸ್ ಶೀಟಿನ 400 ಕೋಟಿಯಲ್ಲಿ ನಿಮ್ಮ ಪಾಲೆಷ್ಟು ಎಂದು ನೋಡುತ್ತಾರೆ. ಅದು 13,333. ಝಕಾತ್ 333 ರೂಪಾಯಿ.

1988ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ (ಧರ್ಮಶಾಸ್ತ್ರ) ಅಕಾಡೆಮಿ ಇದರ ಬಗ್ಗೆಯೇ ಒಂದು ನಿರ್ಣಯ ಮಾಡಿತು. ಕಂಪನಿಯೇ ಷೇರುದಾರರ ಪರವಾಗಿ ಕೊಟ್ಟರೆ ಸರಿ. ಇಲ್ಲವಾದರೆ ಷೇರುದಾರ ಕಂಪನಿಯ ಲೆಕ್ಕಪತ್ರ ನೋಡಿ ತನ್ನ ಪಾಲು ಕೊಡಲಿ. ಅದು ತಿಳಿಯುವಂತಿಲ್ಲ, ಲಾಭಾಂಶಕ್ಕೆಂದೇ ಷೇರು ಕೊಂಡಿದ್ದಾನೆ ಎಂದಾದರೆ ಲಾಭಾಂಶದ ಮೇಲೆ ಮಾತ್ರ, ಕೈಗೆ ಬಂದು ವರ್ಷ ತುಂಬಿದ ಮೇಲೆ ಶೇ 2.5. ನಮ್ಮ ಲೆಕ್ಕದಲ್ಲಿ ಅದು 37 ರೂಪಾಯಿ 50 ಪೈಸೆ.

ಐದನೆಯದು ಹೊಲದ ಲೆಕ್ಕ. ಮಳೆ ನೀರಿನ ಬೆಳೆಗೆ ಹತ್ತರಲ್ಲೊಂದು, ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು ಪಾಲು ಕೊಡುವುದು ಹಳೆಯ ನಿಯಮ. ಕಾರ್ಖಾನೆಯೂ ಹೊಲದ ಹಾಗೆಯೇ ಎಂದು 1952ರಲ್ಲಿ ಡಮಾಸ್ಕಸ್‌ನಲ್ಲಿ ಈಜಿಪ್ಟಿನ ವಿದ್ವಾಂಸ ಅಬೂ ಝಹ್ರಾ ಮತ್ತು ಅವರ ಜೊತೆಗಾರರು ವಾದಿಸಿದರು. ಮೂಲಧನಕ್ಕೆ ಝಕಾತ್ ಇಲ್ಲ, ನಿವ್ವಳ ಫಲದಲ್ಲಿ ಶೇ 10. ಆಗ 150 ರೂಪಾಯಿ.

2,500ರಿಂದ 37ರ ತನಕ. ಅಂತರ ಇಷ್ಟು ದೊಡ್ಡದಾಗಲು ಕಾರಣ ಶಾಸ್ತ್ರವಷ್ಟೇ ಅಲ್ಲ, ಷೇರುಪೇಟೆಯೂ ಹೌದು. ಐಟಿ ಕಂಪನಿಯೊಂದರ ಬೆಲೆ ಇರುವುದು ಅದರ ಜನರಲ್ಲಿ, ಹೆಸರಿನಲ್ಲಿ, ಮುಂದಿನ ಲಾಭದ ನಿರೀಕ್ಷೆಯಲ್ಲಿ. ಅದು ಕಪಾಟೂ ಅಲ್ಲ, ಸರಕೂ ಅಲ್ಲ. ಮಧ್ಯಯುಗದ ಫಿಖ್ ಗ್ರಂಥಗಳಲ್ಲಿ ಅದಕ್ಕೊಂದು ಪೆಟ್ಟಿಗೆಯೇ ಇಲ್ಲ.

ಲಾಭಾಂಶದ ದಾರಿಯಲ್ಲಿ ಇನ್ನೊಂದು ತೂತು ಇದೆ. ಹಲವು ಕಂಪನಿಗಳು ಲಾಭಾಂಶವನ್ನೇ ಕೊಡುವುದಿಲ್ಲ, ಲಾಭವನ್ನು ವಾಪಸ್ ಕಂಪನಿಗೇ ಹಾಕುತ್ತವೆ. ಮ್ಯೂಚುವಲ್ ಫಂಡಿನ 'ಗ್ರೋತ್' ಆಯ್ಕೆಯೂ ಹಾಗೆಯೇ. ಅಲ್ಲಿ 50 ಲಕ್ಷ ಇಟ್ಟವನ ಝಕಾತ್ ಸೊನ್ನೆ ಆಗುತ್ತದೆ. ಒಂದು ಸರದ ವಿಧವೆ 3,262 ಕೊಡಬೇಕು, 50 ಲಕ್ಷದವನು ಏನೂ ಕೊಡಬೇಕಾಗಿಲ್ಲ ಅಂದರೆ ಲೆಕ್ಕದಲ್ಲಿ ಏನೋ ತಪ್ಪಿದೆ. ಹಾಗಾಗಿಯೇ ಬ್ರಿಟನ್, ಅಮೆರಿಕದ ಕೆಲವು ಸಂಸ್ಥೆಗಳು ನಡುದಾರಿ ಹಿಡಿದಿವೆ. ಬ್ಯಾಲೆನ್ಸ್ ಶೀಟು ನೋಡಲಾಗದವರು ಫಂಡಿನ ಬೆಲೆಯ ಕಾಲು ಭಾಗವನ್ನೋ ಶೇ 30ನ್ನೋ ಝಕಾತ್‌ಗೆ ಒಳಪಡುವ ಪಾಲು ಎಂದು ಅಂದಾಜಿಸಿ, ಅದರ ಮೇಲೆ ಶೇ 2.5 ಕೊಡಲಿ ಅನ್ನುತ್ತವೆ. ಇದು ಅಂದಾಜು, ನಿಜ. ಆದರೂ ಎಲ್ಲಕ್ಕಿಂತ ಕಡಿಮೆ ಅನ್ಯಾಯದ ಅಂದಾಜು.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಬಹುದು. ನಿಫ್ಟಿ 50 ಶರಿಯಾ ಸೂಚ್ಯಂಕ, ಟಾಟಾ ಎಥಿಕಲ್ ಫಂಡ್ ಮುಂತಾದವು ಬ್ಯಾಂಕು, ಮದ್ಯ, ಸಾಲದ ಹೊರೆ ಜಾಸ್ತಿ ಇರುವ ಕಂಪನಿಗಳನ್ನು ಬಿಟ್ಟು ಹೂಡುತ್ತವೆ. ಹೂಡಿಕೆ ಹಲಾಲ್ ಎಂಬುದಕ್ಕೂ ಝಕಾತ್ ಕೊಟ್ಟಾಗಿದೆ ಎಂಬುದಕ್ಕೂ ಸಂಬಂಧವಿಲ್ಲ. ಅದು ಪ್ರತಿಯೊಬ್ಬರೂ ಬೇರೆಯಾಗಿಯೇ ಕೊಡಬೇಕು.

ಕರಾವಳಿಯ ಲೆಕ್ಕ ಬೇರೆ

ಕರ್ನಾಟಕದಲ್ಲಿ ಈ ಗೊಂದಲಕ್ಕೆ ಒಂದು ವಿಶೇಷ ಕಾರಣವಿದೆ. ಮಂಗಳೂರು ಕಡೆಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಎಂಬ ಇನ್ನೊಂದು ಸುನ್ನಿ ಪಂಥದವರು. ಬೆಂಗಳೂರು, ಮೈಸೂರು, ಕಲಬುರಗಿ ಕಡೆಯ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿಗಳು. ಒಂದೇ ಆಫೀಸಿನಲ್ಲಿ, ಒಂದೇ ಸಂಬಳದ ಇಬ್ಬರು ಗೆಳೆಯರ ಝಕಾತ್ ಬೇರೆ ಬೇರೆ ಬಂದರೆ ಆಶ್ಚರ್ಯವಿಲ್ಲ.

ಹೆಂಗಸರು ತೊಡುವ ಒಡವೆಯನ್ನೇ ನೋಡಿ. ಹನಫಿಗಳಲ್ಲಿ ಅದಕ್ಕೂ ಝಕಾತ್ ಇದೆ. ಶಾಫಿಗಳಲ್ಲಿ ವಾಡಿಕೆಯಂತೆ ತೊಡುವ ಒಡವೆಗೆ ಇಲ್ಲ. ಆದರೆ ಚಿನ್ನದ ಬಿಸ್ಕತ್ತು, ನಾಣ್ಯ, ಗೋಲ್ಡ್ ಇಟಿಎಫ್‌ಗೆ ಇಬ್ಬರಲ್ಲೂ ಇದೆ. 30 ಪವನ್ ಒಡವೆ ಮಾರಿ ಇಟಿಎಫ್ ತಗೊಂಡ ಭಟ್ಕಳದ ಮನೆಯವರು ಮೊದಲ ಸಲ ಆ ಚಿನ್ನಕ್ಕೆ ಝಕಾತ್ ಕೊಡಬೇಕಾಗುತ್ತದೆ. ಸಾವರಿನ್ ಗೋಲ್ಡ್ ಬಾಂಡ್‌ಗೆ ವರ್ಷಕ್ಕೆ ಶೇ 2.5 ಬಡ್ಡಿ ಬರುತ್ತಿರುವುದು ಸುಮ್ನೆ ಕಾಕತಾಳೀಯ. ಬಡ್ಡಿ ಹಣದಲ್ಲಿ ಝಕಾತ್ ತೀರುವುದಿಲ್ಲ.

ಮಕ್ಕಳ ಹೆಸರಿನ ದುಡ್ಡಿನಲ್ಲಿ ಲೆಕ್ಕ ತಿರುಗುಮುರುಗು. ಮಗಳ ಸುಕನ್ಯಾ ಸಮೃದ್ಧಿ ಖಾತೆ, ಮಗನ ಹೆಸರಿನ ಫಂಡು ಇದ್ದರೆ ಹನಫಿಗಳಲ್ಲಿ ಅಪ್ರಾಪ್ತರ ಆಸ್ತಿಗೆ ಝಕಾತ್ ಇಲ್ಲ. ಶಾಫಿಗಳಲ್ಲಿ ಇದೆ, ಪೋಷಕರು ಅದರಿಂದಲೇ ತೆಗೆದು ಕೊಡಬೇಕು.

ಎಸ್‌ಐಪಿಯಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ. ಝಕಾತ್‌ಗೆ ಆಸ್ತಿ ಒಂದು ಚಾಂದ್ರಮಾನ ವರ್ಷ ಕೈಯಲ್ಲಿರಬೇಕು. ತಿಂಗಳು ತಿಂಗಳು ಹಾಕುವ ಹಣದ ಗತಿ ಏನು? ಮೊದಲೇ ನಿಸಾಬ್ ಇರುವವರಿಗೆ ನಡುವೆ ಬಂದ ದುಡ್ಡೂ ಹಳೆಯದಕ್ಕೇ ಸೇರುತ್ತದೆ ಅನ್ನುತ್ತಾರೆ ಹನಫಿಗಳು. ಗೊತ್ತು ಮಾಡಿದ ದಿನ ಎಷ್ಟಿದೆಯೋ ಅಷ್ಟಕ್ಕೂ ಲೆಕ್ಕ. ಶಾಫಿಗಳಲ್ಲಿ ಸಂಬಳದಿಂದ ಹೊಸದಾಗಿ ಬಂದ ದುಡ್ಡಿಗೆ ಅದರದ್ದೇ ವರ್ಷ. ಹನ್ನೆರಡು ಕಂತಿಗೆ ಹನ್ನೆರಡು ಗಡುವು! ಅದನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ಅದಕ್ಕೇ ಉಸ್ತಾದರು ಹೇಳುವ ಉಪಾಯ: ನಿಸಾಬ್ ಇದ್ದರೆ ಗಡುವಿಗೆ ಮೊದಲೇ ಕೊಡಲು ಶಾಫಿ ಪಂಥದಲ್ಲಿ ಅವಕಾಶವಿದೆ. ಒಂದೇ ದಿನ ಎಲ್ಲಕ್ಕೂ ಕೊಟ್ಟು ಮುಗಿಸಿಬಿಡಿ.

ಪಿಎಫ್ ನಿಮ್ಮ ಕೈಲಿದೆಯಾ?

ಕಡ್ಡಾಯ ಪಿಎಫ್ ಬಗ್ಗೆ ಭಾರತದ ಹನಫಿ ಮುಫ್ತಿಗಳು ಬಹುತೇಕ ಒಂದೇ ಮಾತು ಹೇಳುತ್ತ ಬಂದಿದ್ದಾರೆ. ಸಂಬಳದಿಂದ ಕಡಿತವಾದ ಹಣ ನಿಮ್ಮ ಕೈ ಸೇರಿಯೇ ಇಲ್ಲ, ಪೂರ್ಣ ಒಡೆತನ ಬಂದಿಲ್ಲ. ಹಾಗಾಗಿ ಕೈಗೆ ಬಂದ ಮೇಲೆ ಝಕಾತ್, ಹಿಂದಿನ ವರ್ಷಗಳದ್ದು ಬೇಡ. ಪಿಎಫ್‌ಗೆ ನೀವಾಗಿಯೇ ಜಾಸ್ತಿ ಹಾಕುವ ವಿಪಿಎಫ್ ಮತ್ತು ನೀವೇ ತೆರೆಯುವ ಪಿಪಿಎಫ್ ಖಾತೆಯ ವಿಷಯದಲ್ಲಿ ಮಾತ್ರ ಹಲವರು ಬೇರೆ ಹೇಳುತ್ತಾರೆ. ಅದು ನಿಮ್ಮದೇ ದುಡ್ಡು, ನೀವೇ ಬೀಗ ಹಾಕಿಟ್ಟಿದ್ದು. ಪ್ರತಿ ವರ್ಷ ಎಣಿಸಬೇಕು.

ಈಗ ಈ ವಾದದ ಬುಡ ಸ್ವಲ್ಪ ಅಲ್ಲಾಡುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದ ಟ್ರಸ್ಟಿಗಳ ಮಂಡಳಿ ಹಣ ತೆಗೆಯುವ 13 ನಿಯಮಗಳನ್ನು ಮೂರು ಬಗೆಗೆ ಇಳಿಸಿ, ಶೇ 25ರಷ್ಟು ಉಳಿಸಿ ಮಿಕ್ಕದ್ದನ್ನು ಸುಲಭವಾಗಿ ತೆಗೆಯಲು ಬಿಡುವ ತೀರ್ಮಾನ ಮಾಡಿತು. ಬೇಕೆಂದಾಗ ಮುಕ್ಕಾಲು ಪಾಲು ತೆಗೆಯಬಹುದಾದರೆ 'ಕೈಗೆ ಬಂದಿಲ್ಲ' ಎಂಬ ಮಾತು ಎಷ್ಟು ದಿನ ನಿಲ್ಲುತ್ತದೆ? ಹಳೆಯ ಫತ್ವಾ ಹುಟ್ಟಿದ್ದು ನಿವೃತ್ತಿ ತನಕ ಮುಟ್ಟಲಾಗದ ಪಿಎಫ್ ನೋಡಿ. ಮುಂದಿನ ವರ್ಷಗಳಲ್ಲಿ ಮುಫ್ತಿಗಳ ಮುಂದೆ ಜಾಸ್ತಿ ಬರಲಿರುವ ಪ್ರಶ್ನೆ ಇದೇ ಇರಬಹುದು.

ಸೈಟು, ಸಾಲ, ಮುಳುಗಿದ ದುಡ್ಡು

ವಾಸದ ಮನೆಗೆ ಝಕಾತ್ ಇಲ್ಲ. ಬಾಡಿಗೆ ಮನೆಯಾದರೆ ಬಾಡಿಗೆಯಲ್ಲಿ ಉಳಿದದ್ದಕ್ಕೆ ಮಾತ್ರ. ಆದರೆ ಬೆಲೆ ಬಂದಾಗ ಮಾರೋಣ ಅಂತಲೇ ಕೊಂಡ ಸೈಟು ಸರಕಾಗುತ್ತದೆ. ಬೆಂಗಳೂರಿನ ಹೊರವಲಯದ 60 ಲಕ್ಷದ ಸೈಟಿಗೆ ವರ್ಷಕ್ಕೆ ಒಂದೂವರೆ ಲಕ್ಷ. ಸೈಟಿನಿಂದ ಮಾತ್ರ ಒಂದು ರೂಪಾಯಿ ಆದಾಯವಿಲ್ಲ. ಉತ್ತರ ಆಫ್ರಿಕದಲ್ಲಿ ಹೆಚ್ಚಿರುವ ಮಾಲಿಕಿ ಪಂಥ ಇಲ್ಲಿ ಮೃದುವಾಗಿದೆ: ಬೆಲೆ ಏರಲಿ ಎಂದು ವರ್ಷಗಟ್ಟಲೆ ಕಾಯುವವನು ಮಾರಿದಾಗ ಒಂದು ವರ್ಷದ್ದು ಕೊಟ್ಟರೆ ಆಯಿತು. ಮನೆ ಕಟ್ಟುವುದೋ ಮಾರುವುದೋ ಇನ್ನೂ ಗೊತ್ತಿಲ್ಲ ಅನ್ನುವವರಿಗೆ ಝಕಾತ್ ಇಲ್ಲ. 'ಇನ್ನೂ ಗೊತ್ತಿಲ್ಲ' ಅನ್ನುವವರ ಸಂಖ್ಯೆ ಎಷ್ಟಿರಬಹುದು ಎಂದು ಊಹಿಸಿಕೊಳ್ಳಿ.

ಹನಫಿಗಳಲ್ಲಿ ಸಾಲ ಕಳೆದು ಲೆಕ್ಕ ಹಾಕಬಹುದು, ಶಾಫಿಗಳ ಪ್ರಬಲ ಅಭಿಪ್ರಾಯದಲ್ಲಿ ಇಲ್ಲ. ಆದರೆ 20 ವರ್ಷದ ಗೃಹಸಾಲವನ್ನು ಪೂರ್ತಿ ಕಳೆದರೆ ಫ್ಲ್ಯಾಟ್ ಕೊಂಡ ಯಾರೂ ಝಕಾತ್ ಕೊಡಬೇಕಾಗಿ ಬರುವುದಿಲ್ಲ. ಅದಕ್ಕೇ ಈಗಿನ ಹಲವು ಹನಫಿ ವಿದ್ವಾಂಸರು ಈ ವರ್ಷ ಕಟ್ಟಬೇಕಾದ ಕಂತನ್ನಷ್ಟೇ ಕಳೆಯಿರಿ ಅನ್ನುತ್ತಾರೆ.

ಮುಳುಗಿದ ಹಣದ ಪ್ರಶ್ನೆ ಬೆಂಗಳೂರಿಗೆ ಚೆನ್ನಾಗಿ ಗೊತ್ತು. 2019ರ ಜೂನ್‌ನಲ್ಲಿ ಹಲಾಲ್ ಹೂಡಿಕೆಯ ಹೆಸರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳ ದುಡ್ಡು ಸಿಕ್ಕಿಹಾಕಿಕೊಂಡಿತು. ವಾಪಸ್ ಬರುವ ಆಸೆಯೇ ಇಲ್ಲದ ಆಸ್ತಿಗೆ ಹನಫಿಗಳಲ್ಲಿ 'ಝಿಮಾರ್' ಎಂಬ ಹೆಸರಿದೆ. ಅದಕ್ಕೆ ಝಕಾತ್ ಇಲ್ಲ. ಮುಂದೆ ಸ್ವಲ್ಪ ಸಿಕ್ಕರೂ ಹಿಂದಿನ ವರ್ಷಗಳ ಬಾಕಿ ಇಲ್ಲ. ಶಾಫಿಗಳ ಪ್ರಬಲ ಅಭಿಪ್ರಾಯದಲ್ಲಿ ಕೈಗೆ ಬಂದಾಗ ಹಿಂದಿನದ್ದೂ ಸೇರಿಸಿ ಕೊಡಬೇಕು.

ಸರಕಾರವೇ ಹಿಡಿದರೆ

ಒಂದೇ ನಿಯಮ ಮಾಡಿದರೆ ಗೊಂದಲ ತಪ್ಪುವುದಿಲ್ಲವೇ? ಪಾಕಿಸ್ತಾನ ಮಾಡಿ ನೋಡಿತು. 1980ರ ಝಕಾತ್ ಮತ್ತು ಉಶ್ರ್ (ಬೆಳೆಯ ಪಾಲು) ಕಾಯ್ದೆಯಂತೆ ರಂಜಾನ್ ಮೊದಲ ದಿನ ಉಳಿತಾಯ ಖಾತೆಗಳಿಂದ ಬ್ಯಾಂಕೇ ಶೇ 2.5 ಕಡಿತ ಮಾಡುತ್ತದೆ. ಬೆಳ್ಳಿಯ ನಿಸಾಬನ್ನು ಸರಕಾರ ಘೋಷಿಸುತ್ತದೆ. 2024ರಲ್ಲಿ ಅದು 1,35,179 ಪಾಕಿಸ್ತಾನಿ ರೂಪಾಯಿ ಇತ್ತು, 2025ರಲ್ಲಿ 1,79,689. ಕಾಯ್ದೆ ಬಂದ ವರ್ಷವೇ ಶಿಯಾಗಳು ಇಸ್ಲಾಮಾಬಾದಿನಲ್ಲಿ ದೊಡ್ಡ ಪ್ರತಿಭಟನೆ ಮಾಡಿ ವಿನಾಯಿತಿ ಪಡೆದರು. ಮಿಕ್ಕವರಲ್ಲೂ ಎಷ್ಟೋ ಜನ ರಂಜಾನ್‌ಗೆ ಮೊದಲೇ ಖಾತೆ ಖಾಲಿ ಮಾಡಿಕೊಳ್ಳುತ್ತಾರೆ. ಧರ್ಮದ ಮೇಲಿನ ಸಿಟ್ಟಿಗಿಂತ ಸರಕಾರದ ಮೇಲಿನ ಅಪನಂಬಿಕೆ ಇದಕ್ಕೆ ಕಾರಣ. ತಮ್ಮ ಝಕಾತ್ ತಾವು ಬಲ್ಲ ಬಡವನಿಗೇ ಹೋಗಲಿ ಎಂಬುದು ಅವರ ಆಸೆ. ಭಾರತದಲ್ಲಿ ಆ ಆಯ್ಕೆ ಕೊಡುವವರ ಕೈಯಲ್ಲೇ ಇದೆ, ಲೆಕ್ಕದ ಹೊಣೆಯೂ ಅವರದ್ದೇ.

ಮಾರ್ಚ್ 31ರ ಸ್ಟೇಟ್‌ಮೆಂಟ್

ಕೊನೆಗೆ ಉಳಿಯುವುದು ತಾರೀಕು. ಡಿಮ್ಯಾಟ್, ಫಂಡು, ಪಿಎಫ್ ಎಲ್ಲದರ ಸ್ಟೇಟ್‌ಮೆಂಟ್ ಸಿದ್ಧವಾಗಿ ಸಿಗುವುದು ಮಾರ್ಚ್ 31ಕ್ಕೆ. ಝಕಾತ್ ವರ್ಷ 354 ದಿನದ್ದು. ಅನುಕೂಲಕ್ಕೆ ಇಂಗ್ಲಿಷ್ ವರ್ಷ ಹಿಡಿಯುವವರು ಶೇ 2.5ರ ಬದಲು ಶೇ 2.577 ಕೊಡಲಿ ಎಂದು ಎಎಒಐಎಫ್‌ಐ ಹೇಳುತ್ತದೆ. ಇದು ಪುಡಿಗಾಸಿನ ವ್ಯತ್ಯಾಸ ಅನಿಸಬಹುದು. ಆದರೆ 33 ಇಂಗ್ಲಿಷ್ ವರ್ಷಗಳಲ್ಲಿ 34 ಚಾಂದ್ರಮಾನ ವರ್ಷಗಳು ಬಂದು ಹೋಗುತ್ತವೆ. ಬರೀ ಶೇ 2.5 ಕೊಟ್ಟುಕೊಂಡು ಹೋದರೆ ಒಂದಿಡೀ ವರ್ಷದ ಝಕಾತ್ ಸದ್ದಿಲ್ಲದೆ ತಪ್ಪಿಹೋಗುತ್ತದೆ. 2030ರಲ್ಲಿ ಇದು ಕಣ್ಣಿಗೇ ಕಾಣಲಿದೆ. ಆ ವರ್ಷ ರಂಜಾನ್ ಎರಡು ಸಲ ಶುರುವಾಗುತ್ತದೆ, ಜನವರಿ ಮೊದಲ ವಾರದಲ್ಲೊಮ್ಮೆ, ಡಿಸೆಂಬರ್ ಕೊನೆಯ ವಾರದಲ್ಲೊಮ್ಮೆ. ರಂಜಾನ್ ಮೊದಲ ದಿನ ಲೆಕ್ಕ ಹಾಕುವವರು ಒಂದೇ ಕ್ಯಾಲೆಂಡರಿನಲ್ಲಿ ಎರಡು ಸಲ ಕೊಡುತ್ತಾರೆ. ಮಾರ್ಚ್ 31 ಹಿಡಿದವರು ಒಂದೇ ಸಲ.